ತಟ್ಟೆಯಿಂದ ಬೆಡ್‌ಪ್ಯಾನ್‌ವರೆಗೆ: ನರ್ಸಿಂಗ್ ವಿದ್ಯಾರ್ಥಿಗಳಿಗೆ ಪೋಷಣೆ ಮತ್ತು ಜೀರ್ಣಕ್ರಿಯೆಯ ಸಮಗ್ರ ಮಾರ್ಗದರ್ಶಿ

ರೋಗಿಯ ತಟ್ಟೆಯಲ್ಲಿ ಎಷ್ಟು ಉಳಿದಿದೆ ಅಂತ ನೋಡುವವರು ಯಾರು? ಅದೇ ರೋಗಿಯ ಮಲದ ಬಣ್ಣ ನೋಡುವವರು ಯಾರು? ಡಾಕ್ಟರ್ ರೌಂಡ್ಸ್‌ಗೆ ಬಂದು ಹೋಗುತ್ತಾರೆ. ಡಯಟೀಶಿಯನ್ ಲೆಕ್ಕ ಹಾಕಿ ಬರೆದು ಕೊಡುತ್ತಾರೆ. ಆದರೆ ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ಒಂದೇ ದಿನ ಕಣ್ಣಾರೆ ನೋಡುವವರು ನರ್ಸ್. ಈ ಎರಡು ತುದಿಗಳನ್ನು ಜೋಡಿಸಿ ಯೋಚಿಸುವುದು ಬಂದರೆ ಪೋಷಣೆಯ ಪಾಠ ಅರ್ಧ ಬಂದ ಹಾಗೆ. ಈ ಬರಹ ಇರುವುದು ಅದಕ್ಕಾಗಿ. ಮೊದಲ ವರ್ಷದಲ್ಲಿ ಓದುವ ಶರೀರಶಾಸ್ತ್ರವನ್ನು ವಾರ್ಡಿನ ಹಾಸಿಗೆಯ ಪಕ್ಕಕ್ಕೆ ತಂದು ನಿಲ್ಲಿಸುವ ಪ್ರಯತ್ನ ಇದು.

ಒಂದೇ ಸಲಕ್ಕೆ ಓದಿ ಮುಗಿಸಬೇಕಿಲ್ಲ. ಒಂದೊಂದು ಹೆಜ್ಜೆ ಓದಿ, ಮರುದಿನ ಪೋಸ್ಟಿಂಗ್‌ನಲ್ಲಿ ಅದನ್ನೇ ಗಮನಿಸಿ, ಆಮೇಲೆ ಮುಂದಿನದಕ್ಕೆ ಬನ್ನಿ.

ಹೆಜ್ಜೆ 1: ಒಂದು ತುತ್ತಿನ ಹಿಂದೆ ಹೋಗಿ

ಅಂಗಗಳ ಹೆಸರು, ಕಿಣ್ವಗಳ ಹೆಸರು ಅಂತ ಸುಮ್ನೆ ಉರು ಹೊಡೆದರೆ ಪರೀಕ್ಷೆ ಮುಗಿದ ವಾರವೇ ಮರೆತುಹೋಗುತ್ತದೆ. ಅದರ ಬದಲು ಒಂದು ತುತ್ತು ಬಾಯಿಗೆ ಬಿದ್ದ ಕ್ಷಣದಿಂದ ಅದರ ಹಿಂದೆಯೇ ಹೋಗಿ. ಪ್ರತಿ ಜಾಗದಲ್ಲೂ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಕೆಲಸ ಕೆಟ್ಟರೆ ರೋಗಿಯಲ್ಲಿ ನನಗೆ ಏನು ಕಾಣುತ್ತದೆ?

ಬಾಯಲ್ಲಿ ಹಲ್ಲು ಅರೆಯುತ್ತದೆ, ಜೊಲ್ಲಿನ ಅಮೈಲೇಸ್ ಪಿಷ್ಟವನ್ನು ಒಡೆಯಲು ಶುರು ಮಾಡುತ್ತದೆ. ದಿನಕ್ಕೆ 1ರಿಂದ 1.5 ಲೀಟರ್ ಜೊಲ್ಲು ಬರುತ್ತದೆ. ಜ್ವರ ಬಂದು ಬಾಯಿ ಒಣಗಿದವರಿಗೆ, ಸಡಿಲ ಹಲ್ಲುಸೆಟ್ ಹಾಕಿಕೊಂಡವರಿಗೆ, ಬಾಯಿಹುಣ್ಣು ಆದವರಿಗೆ ಇಲ್ಲಿಯೇ ಊಟ ನಿಂತುಹೋಗುತ್ತದೆ. 'ಹಸಿವಿಲ್ಲ' ಅಂದ ಕೂಡಲೇ ಟಾರ್ಚ್ ಹಿಡಿದು ಬಾಯಿ ನೋಡಿ. ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ.

ಅನ್ನನಾಳ ಸುಮಾರು 25 ಸೆಂ.ಮೀ. ಉದ್ದದ ಸ್ನಾಯುವಿನ ಕೊಳವೆ. ಅಲ್ಲಿಂದ ಜಠರ. ಜಠರದ ಆಮ್ಲದ ಪಿಎಚ್ 1.5ರಿಂದ 3.5ರ ಆಸುಪಾಸು. ಈ ಆಮ್ಲ ರೋಗಾಣುಗಳನ್ನು ಕೊಲ್ಲುತ್ತದೆ, ಪೆಪ್ಸಿನೋಜೆನ್ ಅನ್ನು ಪೆಪ್ಸಿನ್ ಆಗಿ ಬದಲಾಯಿಸಿ ಪ್ರೋಟೀನ್ ಒಡೆಯುವ ಕೆಲಸಕ್ಕೆ ಹಚ್ಚುತ್ತದೆ. ಜಠರದೊಳಗೆ ಏನು ನಡೆಯುತ್ತದೆ ಅಂತ ಮೊದಲು ಕಣ್ಣಾರೆ ನೋಡುವ ಅವಕಾಶ ಸಿಕ್ಕಿದ್ದು ಒಂದು ಅವಘಡದಿಂದ. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬಾತನ ಹೊಟ್ಟೆಗೆ ಗುಂಡು ತಗುಲಿತು. ಗಾಯ ವಾಸಿಯಾದರೂ ಜಠರಕ್ಕೆ ಒಂದು ತೂತು ಉಳಿಯಿತು. ಸೇನಾ ವೈದ್ಯ ವಿಲಿಯಂ ಬೋಮಾಂಟ್ ಆ ತೂತಿನ ಮೂಲಕ ದಾರಕ್ಕೆ ಕಟ್ಟಿದ ಆಹಾರದ ತುಣುಕುಗಳನ್ನು ಇಳಿಸಿ, ಎಳೆದು ನೋಡಿ, ವರ್ಷಗಟ್ಟಲೆ ಬರೆದಿಟ್ಟರು. ಮನಸ್ಸು ಕೆಟ್ಟಾಗ ಜೀರ್ಣಕ್ರಿಯೆಯೂ ಕೆಡುತ್ತದೆ ಅನ್ನುವುದನ್ನೂ ಅವರು ಗಮನಿಸಿದ್ದರು. ಆತಂಕದಲ್ಲಿರುವ ರೋಗಿಯ ಮುಂದೆ ತಟ್ಟೆ ಇಟ್ಟು 'ತಿನ್ನಿ, ತಿನ್ನಿ' ಅಂತ ಒತ್ತಾಯ ಮಾಡುವ ಮೊದಲು ಇದು ನೆನಪಾಗಬೇಕು.

ಜಠರ ಇನ್ನೊಂದು ವಸ್ತುವನ್ನೂ ಕೊಡುತ್ತದೆ: ಇಂಟ್ರಿನ್ಸಿಕ್ ಫ್ಯಾಕ್ಟರ್. ಅದಿಲ್ಲದೆ ವಿಟಮಿನ್ ಬಿ12 ಸರಿಯಾಗಿ ಹೀರಲ್ಪಡುವುದಿಲ್ಲ. ಜಠರ ತೆಗೆದವರಿಗೆ ಬಿ12 ಇಂಜೆಕ್ಷನ್ ಯಾಕೆ ಬೇಕು ಅನ್ನುವ ಪ್ರಶ್ನೆಗೆ ಉತ್ತರ ಇದು. ಲಿವರ್‌ನಲ್ಲಿ ಕೆಲವು ವರ್ಷಕ್ಕೆ ಸಾಲುವಷ್ಟು ಬಿ12 ಸಂಗ್ರಹ ಇರುತ್ತದೆ. ಹಾಗಾಗಿ ಕೊರತೆ ತಡವಾಗಿ ಬಯಲಾಗುತ್ತದೆ. ಅಷ್ಟರಲ್ಲಿ ರೋಗಿ ಆಪರೇಷನ್ ಆದದ್ದನ್ನೇ ಹೇಳಲು ಮರೆತಿರಬಹುದು. ಹಳೆಯ ಆಪರೇಷನ್ ಬಗ್ಗೆ ನೀವೇ ಕೇಳಿ.

ಮುಂದಿನದು ಸಣ್ಣ ಕರುಳು, ಸುಮಾರು 6 ಮೀಟರ್. ನಿಜವಾದ ಹೀರುವಿಕೆ ನಡೆಯುವುದು ಇಲ್ಲಿ. ಮೊದಲ ಭಾಗ ಡುಯೋಡಿನಮ್‌ಗೆ ಮೇದೋಜೀರಕ ಗ್ರಂಥಿಯ ರಸವೂ ಲಿವರ್‌ನ ಪಿತ್ತವೂ ಬಂದು ಸೇರುತ್ತವೆ. ಕಬ್ಬಿಣದ ಅಂಶ ಹೀರಲ್ಪಡುವುದು ಮುಖ್ಯವಾಗಿ ಈ ಮೊದಲ ಭಾಗದಲ್ಲಿ. ಬಿ12 ಮತ್ತು ಪಿತ್ತ ಲವಣಗಳು ಕೊನೆಯ ಭಾಗವಾದ ಇಲಿಯಮ್‌ನಲ್ಲಿ. ಕರುಳಿನ ಯಾವ ಭಾಗ ತೆಗೆದಿದ್ದಾರೆ ಅಂತ ಗೊತ್ತಾದರೆ ಯಾವ ಕೊರತೆ ಬರಬಹುದು ಅಂತ ಊಹಿಸಬಹುದು, ಅಲ್ವಾ?

ಪಿತ್ತದ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಮಲಕ್ಕೆ ಕಂದು ಬಣ್ಣ ಬರುವುದು ಪಿತ್ತದಲ್ಲಿರುವ ಬಿಲಿರುಬಿನ್‌ನಿಂದ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಪಿತ್ತ ಕರುಳಿಗೆ ಇಳಿಯುವುದಿಲ್ಲ. ಮಲ ಜೇಡಿಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ದಾರಿ ಸಿಗದ ಬಿಲಿರುಬಿನ್ ರಕ್ತಕ್ಕೆ ಹೋಗಿ ಕಣ್ಣು ಹಳದಿಯಾಗುತ್ತದೆ, ಮೂತ್ರ ಕಡು ಬಣ್ಣಕ್ಕೆ ಬರುತ್ತದೆ. ಕತೆ ಇಲ್ಲಿಗೆ ನಿಲ್ಲುವುದಿಲ್ಲ. ಪಿತ್ತವಿಲ್ಲದೆ ಕೊಬ್ಬು ಜೀರ್ಣವಾಗುವುದಿಲ್ಲ. ಕೊಬ್ಬಿನ ಜೊತೆ ಹೀರಲ್ಪಡಬೇಕಾದ ಎ, ಡಿ, ಇ, ಕೆ ವಿಟಮಿನ್‌ಗಳೂ ಹೀರಲ್ಪಡುವುದಿಲ್ಲ. ವಿಟಮಿನ್ ಕೆ ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಅಂದರೆ ಬೆಡ್‌ಪ್ಯಾನ್‌ನಲ್ಲಿ ಬಿಳಿಚಿದ ಮಲ ಕಂಡ ನರ್ಸ್, ಅದೇ ರೋಗಿಗೆ ಇಂಜೆಕ್ಷನ್ ಕೊಟ್ಟ ಜಾಗವನ್ನು ಜಾಸ್ತಿ ಹೊತ್ತು ಒತ್ತಿ ಹಿಡಿಯಬೇಕು. ವಸಡಿನಲ್ಲಿ ರಕ್ತ ಬರುತ್ತಿದೆಯಾ ಅಂತ ನೋಡಬೇಕು. ಈ ರೀತಿ ಒಂದರಿಂದ ಇನ್ನೊಂದಕ್ಕೆ ಹೋಗುವ ಯೋಚನೆಯನ್ನೇ ನೀವು ಕಲಿಯಬೇಕಾದದ್ದು.

ಕೊನೆಗೆ ಸುಮಾರು 1.5 ಮೀಟರ್ ಉದ್ದದ ದೊಡ್ಡ ಕರುಳು. ಇಲ್ಲಿ ನೀರು ಮತ್ತು ಲವಣಗಳು ಹೀರಲ್ಪಡುತ್ತವೆ. ದಿನಕ್ಕೆ ನಾವು ಕುಡಿದು ತಿಂದು ಒಳಗೆ ಹಾಕುವ ನೀರು ಸುಮಾರು 2 ಲೀಟರ್. ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ರಸ, ಕರುಳಿನ ರಸ ಎಲ್ಲಾ ಸೇರಿ ದೇಹವೇ ಕರುಳಿಗೆ ಸುರಿಯುವುದು ಇನ್ನೂ 7 ಲೀಟರ್‌ನಷ್ಟು. ಈ 9 ಲೀಟರ್‌ನಲ್ಲಿ ಮಲದ ಜೊತೆ ಹೊರಬರುವುದು ಬರೀ 100ರಿಂದ 200 ಮಿ.ಲೀ. ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ಭೇದಿ ಶುರುವಾದ ಮಗು ಕೆಲವೇ ಗಂಟೆಗಳಲ್ಲಿ ಯಾಕೆ ಕುಸಿಯುತ್ತದೆ ಅನ್ನುವುದು ಈ ಲೆಕ್ಕದಲ್ಲಿದೆ.

ಹೆಜ್ಜೆ 2: ಪೋಷಕಾಂಶಗಳ ಲೆಕ್ಕ ಕೈಗೆ ಬರಲಿ

1 ಗ್ರಾಂ ಕಾರ್ಬೋಹೈಡ್ರೇಟ್ 4 ಕಿಲೋಕ್ಯಾಲೊರಿ, 1 ಗ್ರಾಂ ಪ್ರೋಟೀನ್ 4, 1 ಗ್ರಾಂ ಕೊಬ್ಬು 9. ಇದು ಬಾಯಿಪಾಠ ಆಗಿರಲಿ. ಆಸ್ಪತ್ರೆಯಲ್ಲಿರುವ ಸಾಮಾನ್ಯ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 25ರಿಂದ 30 ಕಿಲೋಕ್ಯಾಲೊರಿ ಬೇಕು ಅಂತ ಅಂದಾಜು ಮಾಡುತ್ತಾರೆ. 60 ಕಿಲೋ ತೂಕದವರಿಗೆ 1,500ರಿಂದ 1,800.

ಈಗ ಒಂದು ಲೆಕ್ಕ ಮಾಡಿ. ಊಟ ಮಾಡದ ರೋಗಿಗೆ 5% ಡೆಕ್ಸ್‌ಟ್ರೋಸ್ ಡ್ರಿಪ್ ಹೋಗುತ್ತಿದೆ. 'ಗ್ಲೂಕೋಸ್ ಹೋಗ್ತಾ ಇದೆಯಲ್ಲ, ಶಕ್ತಿ ಬರುತ್ತೆ' ಅಂತ ಮನೆಯವರು ಸಮಾಧಾನದಲ್ಲಿದ್ದಾರೆ. 1 ಲೀಟರ್ ಬಾಟಲಿಯಲ್ಲಿ ಇರುವುದು 50 ಗ್ರಾಂ ಡೆಕ್ಸ್‌ಟ್ರೋಸ್. ಡ್ರಿಪ್‌ನಲ್ಲಿರುವ ಡೆಕ್ಸ್‌ಟ್ರೋಸ್ ಗ್ರಾಂಗೆ 3.4 ಕಿಲೋಕ್ಯಾಲೊರಿ ಕೊಡುತ್ತದೆ. ಒಟ್ಟು 170. ದಿನಕ್ಕೆ 2 ಲೀಟರ್ ಹಾಕಿದರೂ 340. ಬೇಕಾದದ್ದರ ಕಾಲು ಭಾಗವೂ ಇಲ್ಲ. ಪ್ರೋಟೀನ್ ಅಂತೂ ಸೊನ್ನೆ. ನಾಲ್ಕೈದು ದಿನ ಹೀಗೇ ಕಳೆದರೆ ದೇಹ ತನ್ನದೇ ಸ್ನಾಯುಗಳನ್ನು ಕರಗಿಸಿಕೊಳ್ಳುತ್ತದೆ. ಡ್ರಿಪ್ ನಡೆಯುತ್ತಿದೆ ಅಂದರೆ ರೋಗಿಗೆ ಪೋಷಣೆ ಸಿಗುತ್ತಿದೆ ಅಂತ ಅರ್ಥವಲ್ಲ. ಇದನ್ನು ನೀವು ಅರಿತರೆ 'ಇವರು ಊಟ ಬಿಟ್ಟು ನಾಲ್ಕು ದಿನ ಆಯ್ತು, ಮುಂದೆ ಏನು ಮಾಡೋಣ?' ಅಂತ ರೌಂಡ್ಸ್‌ನಲ್ಲಿ ಕೇಳುವ ಧೈರ್ಯ ಬರುತ್ತದೆ.

ಪ್ರೋಟೀನ್ ಆರೋಗ್ಯವಂತರಿಗೆ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಸಾಕು. ಕಾಯಿಲೆ, ಆಪರೇಷನ್, ಒತ್ತುಹುಣ್ಣು ಇದ್ದವರಿಗೆ ಸಾಮಾನ್ಯವಾಗಿ 1.2ರಿಂದ 1.5 ಗ್ರಾಂ ಬೇಕಾಗುತ್ತದೆ. ಕಿಡ್ನಿ ತೊಂದರೆ ಇದ್ದವರ ಲೆಕ್ಕ ಬೇರೆ, ಅದನ್ನು ಡಾಕ್ಟರ್ ಮತ್ತು ಡಯಟೀಶಿಯನ್ ಹೇಳಬೇಕು. ಒತ್ತುಹುಣ್ಣಿಗೆ ದಿನಾ ಡ್ರೆಸಿಂಗ್ ಮಾಡುತ್ತೇವೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುತ್ತೇವೆ. ಆದರೆ ಆ ರೋಗಿ ಇವತ್ತು ಮೊಟ್ಟೆ, ಹಾಲು, ಕಾಳು, ಮೀನು ಇವುಗಳಲ್ಲಿ ಏನಾದರೂ ತಿಂದರಾ ಅಂತ ಕೇಳದಿದ್ದರೆ ಹೊಸ ಚರ್ಮ ಬೆಳೆಯುವುದು ಯಾವುದರಿಂದ?

ನಾರಿನಂಶ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ, ಉಪ್ಪು 5 ಗ್ರಾಂಗಿಂತ ಕಡಿಮೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೃದಯ, ಕಿಡ್ನಿ ತೊಂದರೆ ಇಲ್ಲದವರಿಗೆ ನೀರಿನ ಅಂದಾಜು ಪ್ರತಿ ಕಿಲೋಗೆ 30 ಮಿ.ಲೀ. ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದೇ ಕಡಿಮೆ. ಅವರು ಕೇಳಲಿ ಅಂತ ಕಾಯಬೇಡಿ, ನೀವೇ ಲೋಟ ಕೈಗೆ ಕೊಡಿ.

ಹೆಜ್ಜೆ 3: ಅಡ್ಮಿಟ್ ಆದ ದಿನವೇ ತೂಕ, ಎತ್ತರ, ಮೂರು ಪ್ರಶ್ನೆ

ಅಪೌಷ್ಟಿಕತೆ ಅಂದರೆ ಮೂಳೆ ಚಕ್ಕಳವಾದ ದೇಹ ಅಂತ ನಮ್ಮ ತಲೆಯಲ್ಲಿ ಕೂತಿದೆ. ದಪ್ಪಗಿರುವವರೂ ಅಪೌಷ್ಟಿಕರಾಗಿರಬಹುದು. ಕಣ್ಣಂದಾಜು ಇಲ್ಲಿ ಕೈಕೊಡುತ್ತದೆ, ಅದಕ್ಕೇ ಅಂಕ ಕೊಡುವ ವಿಧಾನಗಳು ಬಂದಿವೆ. ವಯಸ್ಕರಿಗೆ ಹೆಚ್ಚು ಬಳಕೆಯಲ್ಲಿರುವುದು 'ಮಸ್ಟ್' ಎಂಬ ವಿಧಾನ.

ಮೊದಲು ಬಿಎಂಐ: ಕಿಲೋದಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿ. 20ಕ್ಕಿಂತ ಹೆಚ್ಚಿದ್ದರೆ 0 ಅಂಕ, 18.5ರಿಂದ 20ರ ನಡುವೆ 1, 18.5ಕ್ಕಿಂತ ಕಡಿಮೆ ಇದ್ದರೆ 2. ಆಮೇಲೆ, ಕಳೆದ 3ರಿಂದ 6 ತಿಂಗಳಲ್ಲಿ ತಾನಾಗಿಯೇ ಇಳಿದ ತೂಕ: 5%ಗಿಂತ ಕಡಿಮೆ ಆದರೆ 0, 5ರಿಂದ 10% ಆದರೆ 1, 10%ಗಿಂತ ಜಾಸ್ತಿ ಆದರೆ 2. ಮೂರನೆಯದು, ತೀವ್ರ ಕಾಯಿಲೆಯಿಂದ 5 ದಿನಕ್ಕಿಂತ ಹೆಚ್ಚು ಏನೂ ತಿಂದಿಲ್ಲ ಅಥವಾ ತಿನ್ನಲು ಆಗುವುದಿಲ್ಲ ಅಂತಿದ್ದರೆ 2. ಒಟ್ಟು 0 ಬಂದರೆ ಅಪಾಯ ಕಡಿಮೆ, 1 ಮಧ್ಯಮ, 2 ಅಥವಾ ಹೆಚ್ಚು ಬಂದರೆ ಹೆಚ್ಚಿನ ಅಪಾಯ.

160 ಸೆಂ.ಮೀ. ಎತ್ತರದ ಒಬ್ಬರು ಬಂದಿದ್ದಾರೆ ಅಂದುಕೊಳ್ಳಿ. ಈಗಿನ ತೂಕ 51 ಕಿಲೋ. ನೋಡಲು ಸಾಧಾರಣ ಮೈಕಟ್ಟು, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೇಳಿದಾಗ 'ನಾಲ್ಕು ತಿಂಗಳ ಹಿಂದೆ 56 ಇದ್ದೆ' ಅನ್ನುತ್ತಾರೆ. 51 ಭಾಗಿಸು 2.56, ಬಿಎಂಐ 19.9. ಅಂಕ 1. ಇಳಿದದ್ದು 5 ಕಿಲೋ, ಅಂದರೆ 56ರಲ್ಲಿ 8.9%. ಇನ್ನೊಂದು 1. ಒಟ್ಟು 2. ಸಾಧಾರಣವಾಗಿ ಕಂಡವರು ಹೆಚ್ಚಿನ ಅಪಾಯದ ಸಾಲಿಗೆ ಬಂದರು. ಡಯಟೀಶಿಯನ್‌ಗೆ ಅವತ್ತೇ ತಿಳಿಸಬೇಕು.

ಹಳೆಯ ತೂಕ ನೆನಪಿಲ್ಲ ಅಂದವರ ಉಂಗುರ, ಬೆಲ್ಟ್, ಬಟ್ಟೆ ನೋಡಿ. ಬೆಲ್ಟಿಗೆ ಹೊಸ ತೂತು ಬಿದ್ದಿದೆಯಾ? ಉಂಗುರ ಜಾರುತ್ತಿದೆಯಾ?

ತೂಕ ನೋಡುವಾಗ ಪ್ರತಿ ಸಲ ಅದೇ ಹೊತ್ತು, ಅದೇ ಮಾಪಕ, ಮೂತ್ರಕ್ಕೆ ಹೋಗಿಬಂದ ಮೇಲೆ, ಹಗುರ ಬಟ್ಟೆಯಲ್ಲಿ. ಕಾಲಿನ ಊತ, ಹೊಟ್ಟೆಯಲ್ಲಿ ತುಂಬಿದ ನೀರು ತೂಕ ಇಳಿದದ್ದನ್ನು ಮುಚ್ಚಿಹಾಕುತ್ತದೆ. 1 ಲೀಟರ್ ನೀರು ಅಂದರೆ 1 ಕಿಲೋ. ಒಂದೇ ರಾತ್ರಿಯಲ್ಲಿ ತೂಕ 2 ಕಿಲೋ ಏರಿದರೆ ರೋಗಿ ಚೇತರಿಸಿಕೊಂಡರು ಅಂತ ಖುಷಿಪಡಬೇಡಿ. ಅದು ನೀರು.

ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆ ಇದ್ದರೆ ಅಪೌಷ್ಟಿಕತೆ ಅಂತ ಈಗಲೂ ಕೆಲವರು ಹೇಳಿಕೊಡುತ್ತಾರೆ. ಸೋಂಕು, ಉರಿಯೂತ ಇದ್ದಾಗ ಆಲ್ಬುಮಿನ್ ಹೇಗೂ ಇಳಿಯುತ್ತದೆ. ಅದೊಂದನ್ನೇ ನಂಬಬೇಡಿ. 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ತೋಳಿನ ಸುತ್ತಳತೆ ಒಳ್ಳೆಯ ಸೂಚನೆ: 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ.

ಹೆಜ್ಜೆ 4: ಊಟದ ಹೊತ್ತು ಡ್ಯೂಟಿಯ ಭಾಗ

ಊಟದ ತಟ್ಟೆ ಬಂತು. ಮಂಚದ ಮೇಲಿನ ಟೇಬಲ್ ಕಾಲಿನ ಕಡೆ ಇದೆ, ರೋಗಿಯ ಕೈಗೆ ಎಟುಕುವುದಿಲ್ಲ. ಕೈಗೆ ಕ್ಯಾನುಲಾ ಹಾಕಿದೆ, ಪೊಟ್ಟಣ ಬಿಡಿಸಲು ಆಗುವುದಿಲ್ಲ. ಕನ್ನಡಕ ಡ್ರಾಯರ್‌ನಲ್ಲಿದೆ. ಅರ್ಧ ಗಂಟೆಯ ಮೇಲೆ ತಟ್ಟೆ ಮುಚ್ಚಳ ತೆಗೆಯದ ಹಾಗೆಯೇ ವಾಪಸ್ ಹೋಗುತ್ತದೆ. ಚಾರ್ಟ್‌ನಲ್ಲಿ 'ಊಟ ನಿರಾಕರಿಸಿದರು' ಅಂತ ಬರೆಯುತ್ತಾರೆ. ಆ ರೋಗಿ ಏನನ್ನೂ ನಿರಾಕರಿಸಿರಲಿಲ್ಲ. ನನಗೆ ತುಂಬ ಬೇಸರ ತರಿಸುವ ವಿಷಯ ಇದು, ಯಾಕೆಂದರೆ ಇದಕ್ಕೆ ಔಷಧಿ, ಯಂತ್ರ ಏನೂ ಬೇಕಿಲ್ಲ. ಊಟ ಬರುವ ಹತ್ತು ನಿಮಿಷ ಮೊದಲು ಬೆಡ್‌ಪ್ಯಾನ್ ತೆಗೆಯಿರಿ, ಕೈ ತೊಳೆಸಿ, ನೇರ ಕೂರಿಸಿ, ಟೇಬಲ್ ಹತ್ತಿರ ಎಳೆಯಿರಿ, ಹಲ್ಲುಸೆಟ್ ಮತ್ತು ಕನ್ನಡಕ ಕೊಡಿ, ಮುಚ್ಚಳ ತೆಗೆಯಿರಿ. ಡ್ರೆಸಿಂಗ್, ರಕ್ತ ತೆಗೆಯುವುದು ಇವನ್ನೆಲ್ಲ ಆ ಹೊತ್ತಿಗೆ ಇಟ್ಟುಕೊಳ್ಳಬೇಡಿ.

ಬರೆಯುವಾಗ 'ಚೆನ್ನಾಗಿ ತಿಂದರು' ಅಂತ ಬರೆದರೆ ಮುಂದಿನ ಶಿಫ್ಟ್‌ನವರಿಗೆ ಏನೂ ತಿಳಿಯುವುದಿಲ್ಲ. ಕೊಟ್ಟದ್ದು ಏನು, ತಿಂದದ್ದು ಕಾಲು ಭಾಗವೇ, ಅರ್ಧವೇ, ಪೂರ್ತಿಯೇ, ಬಿಟ್ಟದ್ದು ಯಾವುದು ಅಂತ ಬರೆಯಿರಿ. ನೋಡದೆ ಬರೆಯಬೇಡಿ. ಮನೆಯವರು ತಿಂದಿರಬಹುದು, ಪಕ್ಕದ ಹಾಸಿಗೆಗೆ ಹೋಗಿರಬಹುದು.

ನುಂಗುವ ತೊಂದರೆಯ ಬಗ್ಗೆ ಮೈಯೆಲ್ಲ ಕಣ್ಣಾಗಿರಬೇಕು. ಪಾರ್ಶ್ವವಾಯು ಆದವರಿಗೆ ನುಂಗುವ ಪರೀಕ್ಷೆ ಆಗುವ ತನಕ ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಬಾರದು. ಗಂಟಲು ಮುಟ್ಟಿದರೆ ಓಕರಿಕೆ ಬರುತ್ತದೆ ಅಂದ ಮಾತ್ರಕ್ಕೆ ನುಂಗುವುದು ಸುರಕ್ಷಿತ ಅಂತ ಅಲ್ಲ. ತಿನ್ನುವಾಗ ಕೆಮ್ಮು, ಕುಡಿದ ಮೇಲೆ ದನಿ ಒದ್ದೆಯಾದಂತೆ ಗುಳುಗುಳು ಅನ್ನುವುದು, ಕೆನ್ನೆಯೊಳಗೆ ಆಹಾರ ಉಳಿಯುವುದು, ಇವು ಸೂಚನೆಗಳು. ಕೆಲವರಲ್ಲಿ ಕೆಮ್ಮೂ ಬರದೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತದೆ. ಎರಡು ದಿನದ ಮೇಲೆ ಜ್ವರ, ಏದುಸಿರು ಕಾಣಿಸಿಕೊಂಡಾಗ ಮಾತ್ರ ಗೊತ್ತಾಗುತ್ತದೆ. ತಿನ್ನಿಸುವಾಗ ನೀವೂ ಕುಳಿತುಕೊಳ್ಳಿ. ಚಿಕ್ಕ ಚಮಚ. ಗಂಟಲ ಮುಂಭಾಗದ ಉಬ್ಬು ಮೇಲೆದ್ದು ಇಳಿಯಿತಾ ನೋಡಿ, ಆಮೇಲೆ ಮುಂದಿನ ತುತ್ತು. ಊಟದ ನಂತರ ಕನಿಷ್ಠ 30 ನಿಮಿಷ ನೇರ ಕೂತಿರಲಿ. ಬಾಯಿ ಸ್ವಚ್ಛ ಮಾಡುವುದನ್ನು ತಪ್ಪಿಸಬೇಡಿ. ಕೊಳಕು ಬಾಯಿಯ ಜೊಲ್ಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರುವ ಅಪಾಯ ಜಾಸ್ತಿ.

ಹೆಜ್ಜೆ 5: ಹೊಟ್ಟೆ ನೋಡುವ ಕ್ರಮ

ಬೇರೆ ಕಡೆ ನೋಡುವುದು, ಮುಟ್ಟುವುದು, ತಟ್ಟುವುದು, ಕೇಳುವುದು ಅಂತ ಹೋಗುತ್ತೇವೆ. ಹೊಟ್ಟೆಗೆ ಕ್ರಮ ಬೇರೆ: ನೋಡಿ, ಕೇಳಿ, ತಟ್ಟಿ, ಕೊನೆಗೆ ಮುಟ್ಟಿ. ಮೊದಲೇ ಒತ್ತಿದರೆ ಕರುಳಿನ ಚಲನೆ ಬದಲಾಗಿ ಶಬ್ದವೂ ಬದಲಾಗಬಹುದು.

ಮೂತ್ರಕ್ಕೆ ಹೋಗಿ ಬರಲು ಹೇಳಿ. ಅಂಗಾತ ಮಲಗಿಸಿ, ಮೊಣಕಾಲು ಸ್ವಲ್ಪ ಮಡಿಸಿ. ಸ್ಟೆತೊಸ್ಕೋಪ್ ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಬಲಗಡೆ ಕೆಳಭಾಗದಿಂದ ಶುರು ಮಾಡಿ. ಅಲ್ಲಿ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುತ್ತದೆ, ಶಬ್ದ ಸಾಮಾನ್ಯವಾಗಿ ಸಿಗುತ್ತದೆ. ನಿಮಿಷಕ್ಕೆ 5ರಿಂದ 30 ಶಬ್ದ ಸಹಜ. ಏನೂ ಕೇಳಿಸುತ್ತಿಲ್ಲ ಅಂತ ಬರೆಯುವ ಮೊದಲು ಪೂರ್ತಿ 5 ನಿಮಿಷ ಕೇಳಿ. ಮೂಗಿನ ನಳಿಕೆಗೆ ಸಕ್ಷನ್ ಜೋಡಿಸಿದ್ದರೆ, ಅನುಮತಿ ಇದ್ದರೆ ಕೇಳುವಷ್ಟು ಹೊತ್ತು ನಿಲ್ಲಿಸಿ. ಇಲ್ಲದಿದ್ದರೆ ಯಂತ್ರದ ಶಬ್ದವನ್ನೇ ಕರುಳಿನ ಶಬ್ದ ಅಂದುಕೊಳ್ಳುತ್ತೀರಿ. ಕೇಳಿ ಮುಗಿದ ಮೇಲೆ ಮತ್ತೆ ಹಾಕಲು ಮರೆಯಬೇಡಿ.

ಮುಟ್ಟುವಾಗ ನೋವಿರುವ ಜಾಗ ಕೊನೆಗೆ. ನಿಮ್ಮ ಕಣ್ಣು ರೋಗಿಯ ಮುಖದ ಮೇಲಿರಲಿ, ನೋವು ಮೊದಲು ಕಾಣುವುದು ಅಲ್ಲಿ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿದ್ದರೆ ಮತ್ತೆ ಮತ್ತೆ ಒತ್ತಬೇಡಿ. ಬಾಯಿಗೆ ಏನೂ ಕೊಡದೆ ಕೂಡಲೇ ಡಾಕ್ಟರ್ ಕರೆಸಿ.

ಹೆಜ್ಜೆ 6: ಮಲ, ವಾಂತಿ ಏನು ಹೇಳುತ್ತವೆ

ಅಸಹ್ಯ ಅನ್ನಿಸುವುದು ಸಹಜ, ಮೊದಮೊದಲು ಎಲ್ಲರಿಗೂ ಹಾಗೆಯೇ. ಆದರೆ ಫ್ಲಶ್ ಮಾಡುವ ಮೊದಲು ನೋಡಲೇಬೇಕು. 1997ರಲ್ಲಿ ಪ್ರಕಟವಾದ ಬ್ರಿಸ್ಟಲ್ ಮಾಪಕ ಮಲದ ಆಕಾರವನ್ನು 7 ಬಗೆ ಮಾಡುತ್ತದೆ. ಬಗೆ 1 ಬಿಡಿಬಿಡಿ ಗಟ್ಟಿ ಉಂಡೆ, ಬಗೆ 2 ಉಂಡೆಗಳು ಅಂಟಿಕೊಂಡ ಗಡ್ಡೆ. ಇವೆರಡೂ ಮಲಬದ್ಧತೆ. 3 ಮತ್ತು 4 ಸಹಜ. 5ರಿಂದ ಮೆತ್ತಗಾಗುತ್ತಾ ಹೋಗಿ 7ರಲ್ಲಿ ಪೂರ್ತಿ ನೀರು. 'ಲೂಸ್ ಮೋಷನ್' ಅಂತ ಬರೆಯುವುದಕ್ಕಿಂತ 'ಬಗೆ 6, ಮೂರು ಸಲ' ಅಂತ ಬರೆದರೆ ಎಲ್ಲರಿಗೂ ಒಂದೇ ಚಿತ್ರ ಸಿಗುತ್ತದೆ.

ಬಣ್ಣದಲ್ಲಿ ಮುಖ್ಯವಾದದ್ದು ಕಪ್ಪು. ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ವಿಚಿತ್ರ ದುರ್ವಾಸನೆಯ ಮಲ ಬಂದರೆ ಜಠರ ಅಥವಾ ಡುಯೋಡಿನಮ್‌ನಲ್ಲಿ ರಕ್ತ ಸೋರಿ, ಜೀರ್ಣಗೊಂಡು ಬರುತ್ತಿರಬಹುದು. ಕಬ್ಬಿಣದ ಮಾತ್ರೆ ತಿಂದವರ ಮಲವೂ ಕಪ್ಪಾಗುತ್ತದೆ. ಆದರೆ ಅದರಲ್ಲಿ ಆ ಅಂಟು, ಆ ವಾಸನೆ ಇರುವುದಿಲ್ಲ. ಅನುಮಾನ ಬಂದರೆ ನಾಡಿ, ಬಿಪಿ ನೋಡಿ, ನೋವಿನ ಮಾತ್ರೆ ತಿನ್ನುತ್ತಿದ್ದರಾ ಕೇಳಿ, ತಿಳಿಸಿ. ಹೀಗೆ ರಕ್ತ ಸೋರುವುದು ಹೆಚ್ಚಾಗಿ ಜಠರ, ಡುಯೋಡಿನಮ್‌ನ ಹುಣ್ಣುಗಳಿಂದ. ಈ ಹುಣ್ಣುಗಳಿಗೆ ಚಿಂತೆ, ಖಾರ ಕಾರಣ ಅಂತ ಬಹುಕಾಲ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾದ ಪಾತ್ರ ಕಂಡುಹಿಡಿದರು, 2005ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ಮುಖ್ಯ ಕಾರಣಗಳು ಎರಡು: ಈ ಬ್ಯಾಕ್ಟೀರಿಯಾ ಮತ್ತು ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು.

ಕೆಂಪು ರಕ್ತ ಸಾಮಾನ್ಯವಾಗಿ ಕೆಳಗಿನ ಭಾಗದಿಂದ. ರಕ್ತಸ್ರಾವ ಜೋರಾಗಿದ್ದರೆ ಮೇಲಿನಿಂದಲೂ ಬರಬಹುದು. ಎಣ್ಣೆಯಂತೆ ತೇಲುವ, ಕೆಟ್ಟ ವಾಸನೆಯ ಮಲ ಅಂದರೆ ಕೊಬ್ಬು ಜೀರ್ಣವಾಗುತ್ತಿಲ್ಲ. ವಾಂತಿಯಲ್ಲಿ ಕಾಫಿ ಪುಡಿಯಂಥ ಕಪ್ಪು ಕಣಗಳಿದ್ದರೆ ಅದು ಹಳೆಯ ರಕ್ತ. ವಾಂತಿ ಮಲದ ವಾಸನೆ ಬಂದರೆ ಕರುಳು ಕಟ್ಟಿಕೊಂಡಿರಬಹುದು. ನವಜಾತ ಶಿಶು ಹಸಿರು ವಾಂತಿ ಮಾಡಿದರೆ, ಬೇರೆ ಕಾರಣ ಸಾಬೀತಾಗುವ ತನಕ ಅದು ತುರ್ತು ಸ್ಥಿತಿ. ಬೆಳಿಗ್ಗೆ ರೌಂಡ್ಸ್ ಬರಲಿ ಅಂತ ಕಾಯುವಂತಿಲ್ಲ.

ಹೆಜ್ಜೆ 7: ಮಲಬದ್ಧತೆ ಮತ್ತು ಭೇದಿ

ವಾರಕ್ಕೆ ಮೂರಕ್ಕಿಂತ ಕಡಿಮೆ ಸಲ ಹೋಗುವುದು, ಗಟ್ಟಿ ಮಲ, ತಿಣುಕುವುದು, ಇವು ಮಲಬದ್ಧತೆ. ಮಾರ್ಫಿನ್‌ನಂಥ ನೋವಿನ ಔಷಧಿ ಶುರುವಾದ ದಿನವೇ ಮಲ ಸಡಿಲಿಸುವ ಔಷಧಿ ಬರೆದಿದ್ದಾರಾ ನೋಡಿ. ಊಟವಾದ ಮೇಲೆ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ, ಬೆಳಿಗ್ಗೆ ಇದು ಜೋರಾಗಿರುತ್ತದೆ. ತಿಂಡಿಯಾದ ಅರ್ಧ ಗಂಟೆಯೊಳಗೆ ಶೌಚಕ್ಕೆ ಕರೆದುಕೊಂಡು ಹೋಗಿ. ಪರದೆ ಎಳೆಯಿರಿ, ಕಾಲ ಕೆಳಗೆ ಸಣ್ಣ ಸ್ಟೂಲ್ ಇಡಿ. ನಾರಿನಂಶ ಹೆಚ್ಚಿಸಿದರೆ ನೀರೂ ಹೆಚ್ಚಿಸಬೇಕು, ಇಲ್ಲದಿದ್ದರೆ ಇನ್ನಷ್ಟು ಕಟ್ಟಿಕೊಳ್ಳುತ್ತದೆ.

ಒಂದು ಸಂದರ್ಭ ನೋಡಿ. ಹಾಸಿಗೆ ಹಿಡಿದ ಅಜ್ಜಿಗೆ ಐದು ದಿನ ಮಲ ಆಗಿಲ್ಲ. ಆರನೇ ದಿನ ಸ್ವಲ್ಪ ಸ್ವಲ್ಪ ನೀರಿನಂತೆ ಸೋರುತ್ತಿದೆ. ಭೇದಿ ಅಂತ ತಿಳಿದು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ? ಒಳಗೆ ಕಲ್ಲಿನಂತೆ ಕೂತ ಮಲದ ಪಕ್ಕದಿಂದ ನೀರು ಮಾತ್ರ ನುಸುಳುತ್ತಿದೆ. ಮಾತ್ರೆಯಿಂದ ಪರಿಸ್ಥಿತಿ ಪೂರ್ತಿ ಕೆಡುತ್ತದೆ. ಹಾಗಾಗಿ ವಯಸ್ಸಾದವರಲ್ಲಿ ಭೇದಿ ಕಂಡಾಗ ಮೊದಲು ಹಿಂದಿನ ವಾರದ ಚಾರ್ಟ್ ತಿರುವಿ ಹಾಕಿ.

24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ತೆಳ್ಳಗೆ ಹೋದರೆ ಭೇದಿ. ಇಲ್ಲಿ ಜೀವ ಉಳಿಸುವುದು ಓಆರ್‌ಎಸ್. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಗೆ ಹೋಗುವ ದಾರಿಯೊಂದಿದೆ. ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ. ಕಾಲರಾದಲ್ಲೂ ಈ ದಾರಿ ಮುಚ್ಚುವುದಿಲ್ಲ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಹೊತ್ತು ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿದರು. 30%ರ ಆಸುಪಾಸಿನಲ್ಲಿದ್ದ ಸಾವು 4%ಗಿಂತ ಕೆಳಗಿಳಿಯಿತು. ಕುಡಿಸಿದವರಲ್ಲಿ ರೋಗಿಗಳ ಮನೆಯವರೂ ಇದ್ದರು. ಸರಿಯಾಗಿ ಹೇಳಿಕೊಟ್ಟರೆ ಮನೆಯವರೇ ಜೀವ ಉಳಿಸಬಲ್ಲರು.

2002ರಿಂದ ಇರುವ ಓಆರ್‌ಎಸ್ ಸೂತ್ರದಲ್ಲಿ ಲೀಟರ್‌ಗೆ ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್. 1 ಲೀಟರ್‌ನ ಪೊಟ್ಟಣವನ್ನು ಪೂರ್ತಿ 1 ಲೀಟರ್ ಶುದ್ಧ ನೀರಿಗೇ ಹಾಕಬೇಕು. ಅರ್ಧ ಲೋಟಕ್ಕೆ ಒಂದು ಚಮಚ ಅಂತ ಅಂದಾಜಿನಲ್ಲಿ ಕಲಸಿದರೆ ಉಪ್ಪು ಜಾಸ್ತಿಯಾಗಿ ಅಪಾಯ. ಪ್ರತಿ ಸಲ ಭೇದಿಯಾದ ಮೇಲೆ 2 ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., 2ರಿಂದ 10 ವರ್ಷದವರಿಗೆ 100ರಿಂದ 200 ಮಿ.ಲೀ. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಶುರು ಮಾಡಿ. ಎದೆಹಾಲು, ಊಟ ನಿಲ್ಲಿಸಬಾರದು. ಮಕ್ಕಳಿಗೆ 10ರಿಂದ 14 ದಿನ ಸತು (ಜಿಂಕ್) ಕೊಡುತ್ತಾರೆ. ಮಗು ಮಂಕಾಗಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ವಾಪಸ್ ಹೋದರೆ ಡಾಕ್ಟರ್‌ಗೆ ತಿಳಿಸಲು ತಡಮಾಡಬೇಡಿ.

ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿರುವವರಿಗೆ ಭೇದಿ ಬಂದರೆ ಕ್ಲೊಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಸೋಂಕು ಇರಬಹುದು. ಅದರ ಬೀಜಕಣಗಳನ್ನು ಆಲ್ಕೋಹಾಲ್ ಇರುವ ಹ್ಯಾಂಡ್ ರಬ್ ಕೊಲ್ಲುವುದಿಲ್ಲ. ಗ್ಲೌಸ್ ಹಾಕಿ, ತೆಗೆದ ಮೇಲೆ ಸೋಪು, ನೀರಿನಲ್ಲಿ ಕೈ ತೊಳೆಯಿರಿ.

ಹೆಜ್ಜೆ 8: ನಳಿಕೆಯ ಮೂಲಕ ಆಹಾರ

ಮೂಗಿನ ನಳಿಕೆಯಲ್ಲಿ ಆಹಾರ ಕೊಡುವ ಮೊದಲು ಪ್ರತಿ ಸಲ ಅದು ಜಠರದಲ್ಲೇ ಇದೆಯಾ ಅಂತ ಖಚಿತ ಮಾಡಿಕೊಳ್ಳಬೇಕು. ಗಾಳಿ ಊದಿ ಸ್ಟೆತೊಸ್ಕೋಪ್‌ನಲ್ಲಿ ಕೇಳುವ ಹಳೆಯ ಪದ್ಧತಿಯನ್ನು ನಂಬಬೇಡಿ. ನಳಿಕೆ ಶ್ವಾಸಕೋಶದಲ್ಲಿದ್ದರೂ ಅದೇ ಶಬ್ದ ಬರಬಹುದು. ಹೊಸದಾಗಿ ಹಾಕಿದಾಗ ಎಕ್ಸ್‌ರೇ ಅತ್ಯಂತ ಭರವಸೆಯದ್ದು. ಎಳೆದು ತೆಗೆದ ದ್ರವದ ಪಿಎಚ್ 5.5 ಅಥವಾ ಕಡಿಮೆ ಇದ್ದರೆ ಜಠರದಲ್ಲಿದೆ ಅನ್ನಬಹುದು. ಆಮ್ಲ ಕಡಿಮೆ ಮಾಡುವ ಮಾತ್ರೆ ನುಂಗುತ್ತಿರುವವರಲ್ಲಿ ಪಿಎಚ್ ಮೇಲಿರಬಹುದು, ಆಗ ಸೀನಿಯರ್‌ಗೆ ತಿಳಿಸಿ. ಸಂಶಯ ಇದ್ದರೆ ಆಹಾರ ಹಾಕಬೇಡಿ. ಮೂಗಿನ ಬಳಿ ನಳಿಕೆಯ ಗುರುತು ಎಷ್ಟರಲ್ಲಿದೆ ಅಂತ ಪ್ರತಿ ಶಿಫ್ಟ್‌ನಲ್ಲೂ ಬರೆಯಿರಿ.

ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರಿಸಿ, ಮುಗಿದ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೇ ಇರಲಿ. ಆಹಾರದ ಮೊದಲು, ನಂತರ ಸುಮಾರು 30 ಮಿ.ಲೀ. ನೀರು ಹಾಯಿಸಿ. ಮಾತ್ರೆಗಳನ್ನು ಆಹಾರದೊಳಗೆ ಬೆರೆಸದೆ ಒಂದೊಂದಾಗಿ ಕೊಡಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಪುಡಿ ಮಾಡಬಾರದು.

ತುಂಬ ದಿನ ಉಪವಾಸ ಇದ್ದವರಿಗೆ ಒಮ್ಮೆಲೇ ಪೂರ್ತಿ ಆಹಾರ ಕೊಡುವುದು ಅಪಾಯ. ಎರಡನೇ ಮಹಾಯುದ್ಧದ ಸೆರೆಯಾಳುಗಳು ಬಿಡುಗಡೆಯಾಗಿ ಊಟ ಶುರು ಮಾಡಿದ ಮೇಲೆ ಸತ್ತದ್ದನ್ನು ವೈದ್ಯರು ದಾಖಲಿಸಿದ್ದಾರೆ. ಸಕ್ಕರೆಯಂಶ ಸಿಕ್ಕ ಕೂಡಲೇ ಇನ್ಸುಲಿನ್ ಏರುತ್ತದೆ. ಫಾಸ್ಫೇಟ್, ಪೊಟ್ಯಾಶಿಯಂ, ಮೆಗ್ನೀಶಿಯಂ ರಕ್ತದಿಂದ ಜೀವಕೋಶಗಳೊಳಗೆ ನುಗ್ಗುತ್ತವೆ. ಹೃದಯದ ಬಡಿತ ಹದ ತಪ್ಪುತ್ತದೆ. 5 ದಿನಕ್ಕಿಂತ ಹೆಚ್ಚು ಏನೂ ತಿನ್ನದವರಿಗೆ ಕಡಿಮೆಯಿಂದ ಶುರು ಮಾಡಿ ಏರಿಸುತ್ತಾರೆ. ಅಪಾಯ ಹೆಚ್ಚಿದ್ದವರಿಗೆ ಆಹಾರಕ್ಕೆ ಮೊದಲೇ ಥಯಮಿನ್ (ವಿಟಮಿನ್ ಬಿ1) ಕೊಡುತ್ತಾರೆ. ಮೊದಲ ಕೆಲವು ದಿನ ಊತ, ಏದುಸಿರು, ಗೊಂದಲ, ನಾಡಿಯ ಏರುಪೇರು ಕಂಡರೆ ಕೂಡಲೇ ಹೇಳಿ.

ಹೆಜ್ಜೆ 9: ಔಷಧಿ ಮತ್ತು ಊಟದ ಹೊಂದಾಣಿಕೆ

ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ನೀರಿನ ಜೊತೆ. ಕಬ್ಬಿಣದ ಮಾತ್ರೆಯ ಹತ್ತಿರ ಕಾಫಿ, ಟೀ ಬೇಡ; ವಿಟಮಿನ್ ಸಿ ಇರುವ ಹಣ್ಣು ಒಳ್ಳೆಯದು. ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಹಾಲಿನ ಜೊತೆ ಬೇಡ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ವಿಟಮಿನ್ ಕೆ ಇರುವ ಹಸಿರು ಸೊಪ್ಪು ಪೂರ್ತಿ ಬಿಡಬೇಕಿಲ್ಲ, ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣ ಇರಲಿ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಇಳಿಯಬಹುದು. ಪಾದ ಜೋಮು ಹಿಡಿಯುತ್ತದೆ ಅಂದರೆ ಸಕ್ಕರೆ ಕಾಯಿಲೆಯ ಮೇಲೆ ಮಾತ್ರ ಹೊಣೆ ಹೊರಿಸಬೇಡಿ.

ಹೆಜ್ಜೆ 10: ಕಂಡದ್ದನ್ನು ಹೇಳುವ ರೀತಿ

'ಡಾಕ್ಟರ್, 12ನೇ ಬೆಡ್‌ನವರಿಗೆ ಹೊಟ್ಟೆ ಸರಿಯಿಲ್ಲ' ಅಂದರೆ ಅವರು ಏನು ಮಾಡಬೇಕು? ಯಾರು, ಏನಾಗಿದೆ, ಹಿಂದೆ ಏನಾಗಿತ್ತು, ನೀವು ಏನು ನೋಡಿದಿರಿ, ನಿಮಗೆ ಏನು ಬೇಕು, ಈ ಕ್ರಮದಲ್ಲಿ ಹೇಳಿ. ಉದಾಹರಣೆಗೆ: 'ಡಾಕ್ಟರ್, 12ನೇ ಬೆಡ್, 68 ವರ್ಷ, ಸೊಂಟದ ಆಪರೇಷನ್ ಆಗಿ ನಾಲ್ಕನೇ ದಿನ. ನೋವಿಗೆ ಡೈಕ್ಲೋಫೆನಾಕ್ ನಡೀತಿದೆ. ಈಗ ಡಾಂಬರಿನ ಹಾಗೆ ಕಪ್ಪು ಮಲ, ಒಂದು ಸಲ, ಅಂದಾಜು 200 ಮಿ.ಲೀ. ಕಬ್ಬಿಣದ ಮಾತ್ರೆ ಇಲ್ಲ. ನಾಡಿ ಬೆಳಿಗ್ಗೆ 84 ಇತ್ತು, ಈಗ 112. ಬಿಪಿ 100/60. ಮುಂದಿನ ಡೈಕ್ಲೋಫೆನಾಕ್ ಡೋಸ್ ಕೊಟ್ಟಿಲ್ಲ. ದಯವಿಟ್ಟು ಈಗಲೇ ಬಂದು ನೋಡಿ.' ಫೋನ್ ಇಟ್ಟ ಕೂಡಲೇ ಹೊತ್ತು ಬರೆಯಿರಿ, ಯಾರಿಗೆ ಹೇಳಿದಿರಿ ಅಂತ ಬರೆಯಿರಿ, ಡಾಕ್ಟರ್ ಬಂದು ನೋಡುವ ತನಕ ಆ ಮಲವನ್ನು ಚೆಲ್ಲದೆ ಮುಚ್ಚಿಡಿ.